ಪಾಯದವರು ಮುಂದೆ, ಗೋಡೆಯವರು ಹಿಂದೆ

ಜನವರಿ ೫, ಸೋಮವಾರ

ಸಿಕ್ಕಿತು, ಸೈಕಲ್ ಯಾತ್ರೆಗೆ ನಾವು ಆಯ್ಕೆಯಾದೆವು, ನಾನೂ ನನ್ನ ಡಾಕ್ಟ್ರೂ, ಇಬ್ಬರೂ, ಇಬ್ಬರೂ, ಇಬ್ಬರೂ! ಹೊಸ ದಿನಚರಿಯ ಮೊದಲ ಪುಟಕ್ಕೆ ಇದಕ್ಕಿಂತ ಒಳ್ಳೆಯ ಸುದ್ದಿ ಬೇಕೆ? ಮದುವೆಯಾದದ್ದೂ ಒಳ್ಳೆಯ ಸುದ್ದಿಯೇ. ಆದರೆ ಅದು ಆಗಲೇ ಹತ್ತು ದಿನ ಹಳೆಯದು.

ಒಟ್ಟು ಎಂಟುನೂರು ಕಿಲೋಮೀಟರ್, ದಾರಿಯಲ್ಲಿ ಐದು ಊರು. ಪ್ರತಿ ಊರಿನಲ್ಲೂ ಮನೆಯಿಲ್ಲದ ಒಂದು ಸಂಸಾರಕ್ಕೆ ನಮ್ಮ ಕೈಯಾರೆ ಒಂದು ಪುಟ್ಟ ಮನೆ. ಸೈಕಲ್ ತುಳಿಯುವುದು, ಇಳಿದು ಕಟ್ಟುವುದು, ಮತ್ತೆ ತುಳಿಯುವುದು. ಆರು ತಿಂಗಳ ಹಿಂದೆ ನನಗೆ ಸೈಕಲ್ ಮೇಲೆ ಕೂತು ನೀರು ಕುಡಿಯಲೂ ಬರುತ್ತಿರಲಿಲ್ಲ. ಕಲಿಸಿದ್ದು ಅವರೇ. ನಿಶ್ಚಯವಾದ ಹೊಸತರಲ್ಲಿ ಬೇರೆ ಜೋಡಿಗಳು ಸಿನಿಮಾಗೆ ಹೋಗುತ್ತಿದ್ದರೆ ನಾವು ರಿಂಗ್ ರೋಡಿನಲ್ಲಿ ಬೆವರು ಸುರಿಸುತ್ತಿದ್ದೆವು.

ಅತ್ತೆಗೆ ಮಾತ್ರ ಅರ್ಥವಾಗಲಿಲ್ಲ. "ಹನಿಮೂನ್ ಅಂತ ಜನ ಬೆಟ್ಟಕ್ಕೆ ಹೋಗ್ತಾರೆ, ಸಮುದ್ರಕ್ಕೆ ಹೋಗ್ತಾರೆ. ನೀವು ಜಲ್ಲಿ ಹೊರೋಕೆ ಹೋಗ್ತೀರಾ?"

"ಅಮ್ಮಾ, ಜನರ ಬಾಯಲ್ಲಿ ಸಿಮೆಂಟ್ ತುಂಬಿ ತುಂಬಿ ಸಾಕಾಗಿದೆ. ಒಂದ್ಸಲ ನೆಲಕ್ಕೆ ತುಂಬಿ ನೋಡ್ತೀನಿ. ನೆಲ ಆದ್ರೆ ಆ ಅಂತ ಕಿರುಚಲ್ಲ," ಅಂದರು ನನ್ನ ಹಲ್ಲಿನ ಡಾಕ್ಟ್ರು. ನಾನು ನಕ್ಕು ನಕ್ಕು ಬಿಕ್ಕಳಿಕೆ ತಂದುಕೊಂಡೆ. ಅತ್ತೆ ನೀರು ಕೊಟ್ಟರು, ನಗಲಿಲ್ಲ.

ಶಾಲೆಯಿಡೀ ಇಂಗ್ಲಿಷ್‌ನಲ್ಲಿ ಓದಿದವಳು ದಿನಚರಿ ಕನ್ನಡದಲ್ಲಿ ಬರೆಯುತ್ತೀಯಾ ಎಂದು ಅವರಿಗೆ ಆಶ್ಚರ್ಯ. ಇಂಗ್ಲಿಷ್‌ನಲ್ಲಿ ಬರೆದರೆ ನನ್ನದು ಆಫೀಸಿನ ಈಮೇಲ್ ಆಗಿಬಿಡುತ್ತದೆ. ಇನ್ಶೂರೆನ್ಸ್ ಕಂಪನಿಯಲ್ಲಿ ದಿನವಿಡೀ ಜನರ ದೂರಿಗೆ ಉತ್ತರ ಬರೆಯುವವಳು ನಾನು. "ತಮ್ಮ ಅನನುಕೂಲಕ್ಕೆ ವಿಷಾದಿಸುತ್ತೇವೆ" ಎಂದು ಗಂಡನ ಬಗ್ಗೆ ಬರೆಯಲಾದೀತೆ?

ಈಗ ಅವರು ಪಕ್ಕದಲ್ಲೇ ಕೂತು ಸೈಕಲ್ ಚೈನಿಗೆ ಎಣ್ಣೆ ಬಿಡುತ್ತಿದ್ದಾರೆ. ಮೂಗಿನ ಮೇಲೆ ಒಂದು ಕಪ್ಪು ಗೀರು. ಹೇಳುವುದಿಲ್ಲ. ಚೆನ್ನಾಗಿ ಕಾಣುತ್ತಿದೆ.


ಜನವರಿ ೯, ಶುಕ್ರವಾರ

ಮೋಸ, ಮಹಾ ಮೋಸ!

ಇವತ್ತು ಎಲ್ಲರನ್ನೂ ಕರೆದು ತಂಡ ಹಂಚಿದರು. ತಂಡ ಒಂದಲ್ಲ, ಎರಡು. ಪಾಯದ ತಂಡ ನಾಳೆ ಹೊರಡುತ್ತದೆ. ಊರು ಸೇರಿ, ನೆಲ ಅಗೆದು, ಪಾಯ ಹಾಕಿ, ಮೇಲೆ ಕಾಂಕ್ರೀಟಿನ ಪಟ್ಟಿ ಎಳೆದು ಮುಂದಿನ ಊರಿಗೆ ಹೋಗುತ್ತದೆ. ಆ ಕಾಂಕ್ರೀಟು ಒಣಗುವ ಹೊತ್ತಿಗೆ ಗೋಡೆಯ ತಂಡ ಬಂದು ಗೋಡೆ ಎತ್ತುತ್ತದೆ. ಕೊನೆಗೆ ಲಾರಿಯಲ್ಲಿ ಚಾವಣಿಯವರು. ಮೈಯಲ್ಲಿ ಬಲವಿದೆ ಎಂದು ನನ್ನ ಡಾಕ್ಟ್ರು ಪಾಯಕ್ಕೆ. ನಾನು ಗೋಡೆಗೆ.

ಅಂದರೆ ಅವರು ಬಿಟ್ಟ ಊರಿಗೆ ನಾನು ಹೋಗುತ್ತೇನೆ, ನಾನು ಹೋಗುವ ಊರಿನಲ್ಲಿ ಅವರು ಇರುವುದಿಲ್ಲ. ಐದನೆಯ ಊರಿನಲ್ಲಿ ಮಾತ್ರ ಎರಡೂ ತಂಡ ಸೇರಿ ಕೊನೆಯ ಮನೆ ಕಟ್ಟುತ್ತವಂತೆ. ಒಂದು ತಿಂಗಳಾದ ಮೇಲೆ!

ನಮ್ಮ ತಂಡದ ನಾಯಕಿ ಒಬ್ಬರು ನಿವೃತ್ತ ವ್ಯಾಯಾಮ ಶಿಕ್ಷಕಿ. ಎಲ್ಲರೂ ಪೀಟಿ ಮೇಡಂ ಎನ್ನುತ್ತಾರೆ. ಕುತ್ತಿಗೆಯಲ್ಲಿ ಈಗಲೂ ಸೀಟಿ. "ಮೇಡಂ, ನಮ್ಮದು ಹೊಸ ಮದುವೆ," ಎಂದು ಗೋಗರೆದೆ.

"ನೋಡಿಯೇ ಹಾಕಿದ್ದು. ಒಂದೇ ತಂಡಕ್ಕೆ ಹಾಕಿದ್ರೆ ನೀವಿಬ್ರೂ ಒಬ್ಬರ ಬೆವರು ಒಬ್ಬರು ಒರೆಸ್ತಾ ಕೂರ್ತೀರಿ, ಇಟ್ಟಿಗೆ ತಾನಾಗಿ ಎದ್ದು ನಿಲ್ಲುತ್ತಾ?"

ಇನ್ನೊಂದು ನಿಯಮ: ತುಳಿಯುವುದನ್ನು ಬಿಟ್ಟು ಬಸ್ಸೋ ರೈಲೋ ಹತ್ತಿದವರು ಯಾತ್ರೆಯಿಂದ ಹೊರಗೆ.

ಡಾಕ್ಟ್ರು ಈಗಷ್ಟೇ ಕಿವಿಯಲ್ಲಿ ಅಂದರು, "ಪ್ರತಿ ಊರಲ್ಲೂ ನಿನಗೆ ಏನಾದ್ರೂ ಬಿಟ್ಟು ಹೋಗಿರ್ತೀನಿ. ಹುಡುಕು." ಏನೆಂದು ಎಷ್ಟು ಪೀಡಿಸಿದರೂ ಬಾಯಿ ಬಿಡಲಿಲ್ಲ. ಬೇರೆಯವರ ಬಾಯಿ ಬಿಡಿಸುವುದಷ್ಟೇ ಗೊತ್ತು ಇವರಿಗೆ.


ಜನವರಿ ೧೬, ಶುಕ್ರವಾರ

ಮೊದಲ ಊರು. ಕೂರಲಾಗುತ್ತಿಲ್ಲ. ಎಲ್ಲಿ ನೋಯುತ್ತಿದೆ ಎಂದು ದಿನಚರಿಗೂ ಹೇಳಲಾರೆ. ನಿಂತುಕೊಂಡು, ಕಿಟಕಿಯ ಕಟ್ಟೆಯ ಮೇಲೆ ಇಟ್ಟು ಬರೆಯುತ್ತಿದ್ದೇನೆ.

ನಮಗೆ ಉಳಿಯಲು ಕೊಟ್ಟಿರುವುದು ಒಂದು ಶಾಲೆಯ ಕೋಣೆ. ಬೆಂಚುಗಳನ್ನು ಗೋಡೆಗೆ ಸರಿಸಿ ಚಾಪೆ ಹಾಸಿದ್ದಾರೆ. ನನ್ನ ಪಕ್ಕದ ಚಾಪೆ ಅಂಗಡಿ ಅಕ್ಕನದು. ಪೆನ್ನು ಪೆನ್ಸಿಲ್ ಮಾರುವ ಅಂಗಡಿ ಇಟ್ಟವಳು, ಐವತ್ತರ ಹತ್ತಿರ, ಗಂಡ ಮಕ್ಕಳಿಗೆ ಒಂದು ತಿಂಗಳು ನೀವೇ ಬೇಯಿಸಿಕೊಳ್ಳಿ ಎಂದು ಹೇಳಿ ಬಂದವಳು. ಅವಳ ಗೊರಕೆಗೆ ಬೆಂಚಿನ ಕಾಲು ಅಲುಗುತ್ತದೆ.

ಬೆಳಗ್ಗೆ ಎಲ್ಲರಿಗಿಂತ ಮೊದಲು ಓಡಿದೆ. ಪಾಯದ ಮೇಲಿನ ಕಾಂಕ್ರೀಟು ಪಟ್ಟಿಯ ಸುತ್ತ ಮೂರು ಸುತ್ತು ಹಾಕಿದೆ. ಏನೂ ಇಲ್ಲ. ಅಳು ಬಂತು. ಆಮೇಲೆ ಬಗ್ಗಿ ನೋಡಿದರೆ, ಬಾಗಿಲಿನ ಎಡಗಡೆಯ ಮೂಲೆಯಲ್ಲಿ, ಹಸಿ ಸಿಮೆಂಟಿನಲ್ಲಿ ಮೊಳೆಯಿಂದ ಕೊರೆದ ಒಂದು ಪುಟ್ಟ ಹಲ್ಲು! ಎರಡು ಬೇರಿನ ದವಡೆ ಹಲ್ಲು. ಅದಕ್ಕೆ ಕಣ್ಣು, ನಗು.

ನಾನು ಅಲ್ಲೇ ಕೂತುಬಿಟ್ಟೆ. ನೋವು ಮರೆತೇ ಹೋಯಿತು.

ಮೇಸ್ತ್ರಿ ಬಂದರು. ತಂಡದಲ್ಲಿ ಸಂಬಳ ಪಡೆಯುವವರು ಅವರೊಬ್ಬರೇ. ಮೀಸೆಗೆ ದಿನಕ್ಕೆ ಎರಡು ಸಲ ಬಾಚಣಿಗೆ, ತಲೆಗೆ ಒಂದು ಸಲವೂ ಇಲ್ಲ. "ಏನಮ್ಮಾ, ಪಾಯಕ್ಕೆ ಮುತ್ತು ಕೊಡ್ತಿದ್ದೀಯಾ?"

"ಇಲ್ಲ ಮೇಸ್ತ್ರಿ, ಮಟ್ಟ ನೋಡ್ತಿದ್ದೆ."

"ಮೂಗಿಂದ ಮಟ್ಟ ನೋಡೋರನ್ನ ಇದೇ ಮೊದಲು ನೋಡ್ತಿರೋದು."

ಸಂಜೆಯ ಹೊತ್ತಿಗೆ ಆ ಮೂಲೆಗೆ ಗಾರೆ ಹಾಕಿ ಇಟ್ಟಿಗೆ ಇಡಬೇಕಾಯಿತು. ಬೇರೆ ಯಾರಿಗೂ ಬಿಡಲಿಲ್ಲ, ನಾನೇ ಇಟ್ಟೆ. ಈಗ ಆ ಹಲ್ಲು ಗೋಡೆಯ ಕೆಳಗಿದೆ. ಆ ಮನೆಯವರಿಗೂ ಗೊತ್ತಿಲ್ಲ. ಲೋಕದಲ್ಲಿ ಇಬ್ಬರಿಗೆ ಮಾತ್ರ ಗೊತ್ತು!

ಇಟ್ಟಿಗೆ ವಕ್ರವಾಗಿ ಕೂತಿತು, ಮೇಸ್ತ್ರಿ ತೆಗೆಸಿದರು. ಮತ್ತೆ ಇಟ್ಟೆ. ಮತ್ತೆ ತೆಗೆಸಿದರು. ಹೀಗೆ ಮೂರು ಸಲ ಹಲ್ಲು ನೋಡಿದೆ.


ಜನವರಿ ೧೯, ಸೋಮವಾರ

ಫೋನಿಲ್ಲ. ಅವರಿರುವ ಕಡೆ ಸಿಗ್ನಲ್ ಇಲ್ಲವಂತೆ. ಬರೆಯಲು ಮನಸ್ಸಿಲ್ಲ.


ಜನವರಿ ೨೩, ಶುಕ್ರವಾರ

ಎರಡನೆಯ ಊರು. ಇಲ್ಲಿ ಎರಡು ಹಲ್ಲುಗಳಿದ್ದವು, ಒಂದಕ್ಕೊಂದು ಒತ್ತಿಕೊಂಡು. ಸಣ್ಣದಕ್ಕೆ ಜಡೆ.

ಅವರು ಮಲಗಿದ್ದ ಹಾಲ್ ಎಲ್ಲಿ ಎಂದು ಕೇಳಿಕೊಂಡು ಹೋಗಿ ನೋಡಿ ಬಂದೆ. ಒಂದು ಹಳೆಯ ಗೋದಾಮು. ಗೋಡೆಗೆ ಮೊಳೆ, ಮೂಲೆಯಲ್ಲಿ ಬಾಳೆಹಣ್ಣಿನ ಸಿಪ್ಪೆ. ಸಿಪ್ಪೆಯನ್ನು ಅವರು ಯಾವಾಗಲೂ ಮೂರು ಸೀಳಾಗಿ ತೆಗೆಯುತ್ತಾರೆ. ಇದು ನಾಲ್ಕು ಸೀಳು, ಬೇರೆ ಯಾರದೋ. ಆದರೂ ಸ್ವಲ್ಪ ಹೊತ್ತು ನಿಂತಿದ್ದೆ. ಕಾವಲುಗಾರ, "ಏನಾದ್ರೂ ಕಳ್ಕೊಂಡ್ರಾ?" ಎಂದು ಕೇಳಿದ. ಹೌದು ಎಂದು ಹೇಳಿ ಬಂದೆ.

ಸಂಜೆ ಫೋನು ಸಿಕ್ಕಿತು! ಹತ್ತು ನಿಮಿಷ. ಏನು ಮಾತಾಡಿದೆವು? ಅವರು ಕಾಲಿನ ಬೊಬ್ಬೆಯ ಬಗ್ಗೆ, ನಾನು ಅಕ್ಕನ ಗೊರಕೆಯ ಬಗ್ಗೆ. ಹೇಳಬೇಕೆಂದು ದಾರಿಯಿಡೀ ಕೂಡಿಟ್ಟಿದ್ದ ಮಾತೆಲ್ಲ ಹಾಗೇ ಉಳಿಯಿತು. ಫೋನಿಟ್ಟ ಮೇಲೆ ಅಷ್ಟನ್ನೂ ಚಾಪೆಗೆ ಹೇಳಿದೆ.

"ಸಾಕು ಮಾರಾಯ್ತಿ," ಅಂದಳು ಅಕ್ಕ ಮುಸುಕಿನ ಒಳಗಿಂದ. "ನನ್ನ ಗಂಡ ಮನೇಲಿದ್ರೂ ನಾನು ಇಷ್ಟು ಮಾತಾಡಿಲ್ಲ ಇಪ್ಪತ್ತೈದು ವರ್ಷದಲ್ಲಿ."


ಜನವರಿ ೨೫, ಭಾನುವಾರ

ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ. ಬೆಳಗ್ಗೆ ಎಲ್ಲರೂ ಏಳುವ ಮೊದಲೇ ಚೀಲ ಹೆಗಲಿಗೇರಿಸಿ ಬಸ್ ನಿಲ್ದಾಣಕ್ಕೆ ಹೋದೆ. ಅವರಿರುವ ಮೂರನೆಯ ಊರಿಗೆ ಬಸ್ಸಿನಲ್ಲಿ ಎರಡೇ ಗಂಟೆ. ಒಂದು ಸಲ ಮುಖ ನೋಡಿ ಬಂದುಬಿಡುತ್ತೇನೆ, ಯಾತ್ರೆಯಿಂದ ಹೊರಗೆ ಹಾಕಿದರೆ ಹಾಕಲಿ ಎಂದುಕೊಂಡಿದ್ದೆ.

ನಿಲ್ದಾಣದ ಬೆಂಚಿನ ಮೇಲೆ ಪೀಟಿ ಮೇಡಂ ಚಹಾ ಕುಡಿಯುತ್ತಾ ಕೂತಿದ್ದರು. ಪಕ್ಕದಲ್ಲಿ ಇನ್ನೊಂದು ಲೋಟ, ಮುಚ್ಚಿಟ್ಟದ್ದು.

"ಬಾ. ಆರಿಹೋಗುತ್ತೆ, ಕುಡಿ."

"ನಿಮಗೆ ಹೇಗೆ ಗೊತ್ತಾಯ್ತು ಮೇಡಂ?"

"ಮೂವತ್ತು ವರ್ಷ ಹಾಸ್ಟೆಲ್ ಹುಡುಗೀರನ್ನ ಕಾದಿದ್ದೀನಿ. ಗೋಡೆ ಹಾರೋರು ಹಿಂದಿನ ದಿನ ಜಾಸ್ತಿ ಕೆಲಸ ಮಾಡ್ತಾರೆ. ನಿನ್ನೆ ನೀನು ಮೂರು ವರಸೆ ಇಟ್ಟಿಗೆ ಒಬ್ಬಳೇ ಇಟ್ಟೆ."

ಚಹಾ ಕುಡಿದೆವು. ಬೈಯಲಿಲ್ಲ. ಬಸ್ಸು ಬಂತು, ಹೋಯಿತು. ವಾಪಸು ಬರುವಾಗ ಅವರು ಹೇಳಿದ್ದು ಒಂದೇ: "ಆ ಮೂರು ವರಸೆ ಚೆನ್ನಾಗಿದ್ವು."


ಜನವರಿ ೩೦, ಶುಕ್ರವಾರ

ಮೂರನೆಯ ಊರು. ಬೆಳಗ್ಗೆಯೇ ಹಲ್ಲು ಸಿಕ್ಕಿತು, ಕಿರೀಟ ಇಟ್ಟುಕೊಂಡ ಹಲ್ಲು. ನಗು ಬಂತು. ಹೆಚ್ಚು ಹೊತ್ತು ನೋಡಲಾಗಲಿಲ್ಲ, ಗಾರೆ ಕಲಸಿಟ್ಟಾಗಿತ್ತು.

ಇವತ್ತು ಮೇಸ್ತ್ರಿ ನನಗೆ ಮೂಲೆ ಕೊಟ್ಟರು! ಗೋಡೆಯಲ್ಲಿ ಮೊದಲು ಏಳುವುದು ಮೂಲೆಗಳು. ಎರಡು ಮೂಲೆ ಎದ್ದ ಮೇಲೆ ನಡುವೆ ದಾರ ಕಟ್ಟುತ್ತಾರೆ. ಉಳಿದವರೆಲ್ಲ ಆ ದಾರ ಹಿಡಿದು ಇಟ್ಟಿಗೆ ತುಂಬುತ್ತಾ ಹೋಗುತ್ತಾರೆ. ಮೂಲೆ ತಪ್ಪಿದರೆ ಇಡೀ ಗೋಡೆ ತಪ್ಪು. ನಾಲ್ಕು ವರಸೆ ಎತ್ತಿ, ನೇರವಾಗಿದೆಯೇ ಎಂದು ದಾರದ ತೂಗುಗುಂಡು ಬಿಟ್ಟು ನೋಡಿದೆ. ಗುಂಡು ಗೋಡೆಗೆ ತಾಗದೆ, ದೂರವೂ ಹೋಗದೆ, ಸುಮ್ಮನೆ ನಿಂತಿತು. ಮೇಸ್ತ್ರಿ ಮೀಸೆ ಸವರಿಕೊಂಡರು. ಅವರ ಲೆಕ್ಕದಲ್ಲಿ ಅದು ಚಪ್ಪಾಳೆ.

"ಇನ್ಮೇಲೆ ಮೂಲೆ ನಾನು ಎರಡು, ನೀನು ಎರಡು. ಸೊಕ್ಕು ಬಂತೋ, ಮತ್ತೆ ಬಾಂಡ್ಲಿ ಹೊರೋಕೆ ಕಳಿಸ್ತೀನಿ."

ಡಾಕ್ಟ್ರಿಗೆ ಹೇಳಬೇಕೆಂದು ನಾಲ್ಕು ಸಲ ಫೋನ್ ಮಾಡಿದೆ. ಎತ್ತಲಿಲ್ಲ. ಆಮೇಲೆ ಮೆಸೇಜ್ ಬಂತು: "ಸೂಪರ್! ಸುಸ್ತು, ಮಲಗ್ತೀನಿ." ಇಷ್ಟೇ? ನಾನು ಮೂಲೆ ಎತ್ತಿದ ದಿನ ಇಷ್ಟೇ?


ಫೆಬ್ರುವರಿ ೪, ಬುಧವಾರ

ನಾಲ್ಕನೆಯ ಊರು. ಏನೋ ಸರಿಯಿಲ್ಲ.

ಹಲ್ಲು ಇದೆ, ಬಾಗಿಲಿನ ಎಡ ಮೂಲೆಯಲ್ಲೇ. ಆದರೆ ಅದಕ್ಕೆ ಕಣ್ಣಿಲ್ಲ, ನಗುವಿಲ್ಲ. ಗೆರೆ ನಡುಗಿದೆ, ಚಿಕ್ಕ ಮಕ್ಕಳು ಬರೆದ ಹಾಗೆ. ಅವಸರದಲ್ಲಿ ಬರೆದಿರಬೇಕು ಎಂದುಕೊಂಡು ಮೂಲೆಗೆ ನೀರು ಚಿಮುಕಿಸಿದೆ. ಆಗ ಕಾಂಕ್ರೀಟಿನ ಮೇಲೆ ಕರಣೆ ಎಳೆದ ಗುರುತುಗಳು ಎದ್ದು ಕಂಡವು. ನಯ ಮಾಡಲು ಕರಣೆ ಎಳೆದಾಗ ಕಮಾನಿನ ಹಾಗೆ ಗೆರೆ ಬೀಳುತ್ತದೆ. ಹಿಂದಿನ ಮೂರೂ ಊರಿನಲ್ಲಿ, ಈ ಬಾಗಿಲ ಬದಿಯಲ್ಲಿ, ಆ ಕಮಾನುಗಳು ಒಂದೇ ಕಡೆಗೆ ಬಾಗಿದ್ದವು. ನನ್ನವೂ ಹಾಗೇ ಬೀಳುತ್ತವೆ. ಇಲ್ಲಿ ಎಲ್ಲವೂ ತಿರುಗಾಮುರುಗಾ.

ಎದ್ದು ನಿಂತು ಗಾಳಿಯಲ್ಲೇ ಕರಣೆ ಎಳೆದು ನೋಡಿದೆ. ಬಲಗೈಯಲ್ಲಿ ಆ ಗೆರೆ ಬರುವುದಿಲ್ಲ. ಎಡಗೈಗೆ ಬದಲಿಸಿದೆ. ಬಂತು.

ನನ್ನ ಡಾಕ್ಟ್ರು ಎಡಗೈಯವರಲ್ಲ.


ಫೆಬ್ರುವರಿ ೫, ಗುರುವಾರ

ಬೆಳಗ್ಗೆ ಪೀಟಿ ಮೇಡಂ ಹತ್ತಿರ ಫೋನ್ ಕೇಳಿದೆ. ಕೆಲಸದ ಹೊತ್ತಿನಲ್ಲಿ ಎಲ್ಲರ ಫೋನೂ ಅವರ ಚೀಲದಲ್ಲಿರುತ್ತದೆ. ನನ್ನ ಮುಖ ನೋಡಿ ಕಾರಣ ಕೇಳದೆ ಕೊಟ್ಟರು.

"ನಿನ್ನ ಬಲಗೈಗೆ ಏನಾಗಿದೆ?" ಎಂದೆ. ಹಲೋ ಅನ್ನಲೂ ಇಲ್ಲ.

"ಯಾರು ಹೇಳಿದ್ರು ನಿನಗೆ?"

"ನೀನು ಹಾಕಿದ ಸಿಮೆಂಟು."

ಇಳಿಜಾರಿನಲ್ಲಿ ಸೈಕಲ್ಲಿನಿಂದ ಬಿದ್ದದ್ದಂತೆ, ಹೋದ ಶುಕ್ರವಾರವೇ, ನಾನು ಮೂಲೆ ಎತ್ತಿದ ದಿನ. ಮಣಿಕಟ್ಟಿಗೆ ಬಟ್ಟೆ ಸುತ್ತಿಕೊಂಡು ಉಳುಕು ಎಂದು ಎಲ್ಲರಿಗೂ ಹೇಳಿದ್ದಾರೆ. ನಾಲ್ಕು ದಿನ ಒಂದೇ ಕೈಯಲ್ಲಿ ಕಾಂಕ್ರೀಟು ಎಳೆದಿದ್ದಾರೆ. ಈಗ ಐದನೆಯ ಊರಿಗೆ ಸಾಮಾನಿನ ವ್ಯಾನಿನಲ್ಲಿ ಹೋಗಿದ್ದಾರೆ. ಅಲ್ಲಿ ಎಕ್ಸ್-ರೇ ತೆಗೆಸಿದರೆ ಉಳುಕಲ್ಲ, ಮೂಳೆ ಮುರಿದಿದೆ. ಮೊದಲೇ ಬಂದಿದ್ದರೆ ಸುಲಭವಿತ್ತು ಎಂದರಂತೆ ಆಸ್ಪತ್ರೆಯವರು.

"ಯಾಕೆ ಹೇಳಲಿಲ್ಲ?"

"ಹೇಳಿದ್ರೆ ನೀನು ಬಸ್ ಹತ್ತಿ ಬಂದುಬಿಡ್ತಿದ್ದೆ."

"ಬರ್ತಿದ್ದೆ."

"ಅದಕ್ಕೇ. ಐದನೇ ಊರಲ್ಲಿ ಒಟ್ಟಿಗೆ ಮನೆ ಕಟ್ಟೋಣ ಅಂತಿದ್ದೆ. ಅಲ್ಲೀವರೆಗೂ ತಳ್ಳಿಬಿಡೋಣ ಅಂತ."

ನಾನು ಬೈದೆ. ಇಂಗ್ಲಿಷ್‌ನಲ್ಲೂ ಬೈದೆ. ಹಲ್ಲಿನ ಡಾಕ್ಟ್ರ ಬಲಗೈ ಎಂದರೆ ಏನು ಎಂದು ಅವರಿಗೆ ನಾನು ಹೇಳಬೇಕೆ?

ರಾತ್ರಿಯ ರೈಲಿಗೆ ಅವರನ್ನು ಮನೆಗೆ ಕಳಿಸುತ್ತಿದ್ದಾರೆ. ಆ ರೈಲು ಈ ಊರಿನ ಮೇಲೆಯೇ ಹೋಗುತ್ತದೆ, ನಿಲ್ಲುವುದಿಲ್ಲ.


ಫೆಬ್ರುವರಿ ೬, ಶುಕ್ರವಾರ

ಡಾಕ್ಟ್ರು ಮನೆ ಸೇರಿದರು. ಕೈಗೆ ಪ್ಲಾಸ್ಟರ್ ಹಾಕಿದ್ದಾರೆ. ಮೊದಲು ಅತ್ತೆ ಫೋನ್ ಹಿಡಿದು ಹನಿಮೂನಿನ ಬಗ್ಗೆ ಏನು ಹೇಳಬೇಕೋ ಅದನ್ನೆಲ್ಲ ಹೇಳಿದರು. ನಾನು ಹೂಂಗುಟ್ಟಿದೆ. ಅವರು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ.

ಆಮೇಲೆ ಫೋನಿಗೆ ಅವನು ಬಂದ, ನನ್ನ ಡಾಕ್ಟ್ರು. ತಮಾಷೆ ಮಾಡಲು ನೋಡಿದ, ಆಗಲಿಲ್ಲ.

"ಎರಡು ಬೆರಳಿಗೆ ಜೋಮು ಹಿಡಿದ ಹಾಗಿದೆ. ಲೋಟ ಹಿಡಿದ್ರೆ ಹಿಡಿದಿದ್ದೀನಿ ಅಂತಾನೇ ಗೊತ್ತಾಗಲ್ಲ. ಪ್ಲಾಸ್ಟರ್ ತೆಗೆದ ಮೇಲೆ ನೋಡೋಣ ಅಂತಾರೆ. ನೋಡೋಣ ಅಂದ್ರೆ ಏನು ಅಂತ ನನಗೆ ಗೊತ್ತು, ನಾನೂ ಪೇಷೆಂಟ್‌ಗಳಿಗೆ ಹಾಗೇ ಹೇಳ್ತೀನಿ."

ನಾನು ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದೆ.

"ಬರ್ತೀಯಾ?" ಅಂದ. ಅವನು ನನ್ನನ್ನು ಹಾಗೆ ಏನನ್ನೂ ಕೇಳಿದ್ದೇ ಇಲ್ಲ.

"ನಾಳೆ ಹೊರಡ್ತೀನಿ. ನಾಡಿದ್ದು ಬೆಳಗ್ಗೆ ಅಲ್ಲಿರ್ತೀನಿ."

ಮೇಡಂಗೆ ಹೇಳಿದೆ. ತಲೆಯಾಡಿಸಿದರು. ಚೀಲ ಕಟ್ಟಿ ಬಾಗಿಲ ಹತ್ತಿರ ಇಟ್ಟಿದ್ದೇನೆ. ಅಕ್ಕ ತನ್ನ ಬಿಸ್ಕತ್ತಿನ ಪೊಟ್ಟಣ ತೆಗೆದು ನನ್ನ ಚೀಲದ ಬದಿಗೆ ತುರುಕಿದಳು. ನಾನು ನೋಡಲಿಲ್ಲ ಎಂದುಕೊಂಡಿದ್ದಾಳೆ.


ಫೆಬ್ರುವರಿ ೭, ಶನಿವಾರ

ಹೊರಡಲಾಗಲಿಲ್ಲ. ನಾಳೆ ಹೋಗುತ್ತೇನೆ.

ಬೆಳಗಾಗುವಷ್ಟರಲ್ಲಿ ಮೇಸ್ತ್ರಿಗೂ ಇನ್ನಿಬ್ಬರಿಗೂ ಜ್ವರ. ಮೇಸ್ತ್ರಿ ಕಂಬಳಿ ಹೊದ್ದು ಗಡಗಡ ನಡುಗುತ್ತಾ, "ಮೀಸೆಗೂ ಚಳಿ ಆಗ್ತಿದೆ ಕಣಮ್ಮಾ," ಅಂದರು. ಗೋಡೆ ಕಿಟಕಿಯ ಕೆಳಮಟ್ಟದಲ್ಲಿ ನಿಂತಿದೆ. ಚಾವಣಿಯ ಲಾರಿ ಬುಧವಾರ ಬರುತ್ತದೆ. ಅಷ್ಟರಲ್ಲಿ ಗೋಡೆ ಪೂರ್ತಿ ಏಳದಿದ್ದರೆ ಲಾರಿ ನಿಲ್ಲದೆ ಮುಂದಿನ ಊರಿಗೆ ಹೋಗುತ್ತದೆ. ಮತ್ತೆ ಈ ಕಡೆ ಬರುವುದು ಮಳೆಗಾಲ ಮುಗಿದ ಮೇಲೆ.

ಈ ಮನೆ ಒಂದು ಬೇಕರಿಯ ಕೆಲಸಗಾರನಿಗೂ ಅವನ ಹೆಂಡತಿಗೂ. ಮದುವೆಯಾಗಿ ಎಂಟು ವರ್ಷ. ಅವನು ಬೇಕರಿಯ ಹಿಂದೆ ಹಿಟ್ಟಿನ ಮೂಟೆಗಳ ನಡುವೆ ಮಲಗುತ್ತಾನೆ. ಅವಳು ಇಸ್ತ್ರಿ ಅಂಗಡಿಯಲ್ಲಿ ಕೆಲಸ ಮಾಡಿ ರಾತ್ರಿ ತನ್ನ ಅಕ್ಕನ ಅಡುಗೆಮನೆಯಲ್ಲಿ ಮಲಗುತ್ತಾಳೆ. ದಿನಾ ಮಧ್ಯಾಹ್ನ ಇಬ್ಬರೂ ಇಲ್ಲಿಗೆ ಬಂದು, ಸೊಂಟದೆತ್ತರದ ಗೋಡೆಗಳ ನಡುವೆ ಕೂತು, ಮುರಿದ ಬನ್ನು ತಿನ್ನುತ್ತಾರೆ. ಒಳಗೆ ಬರುವಾಗ ಬಾಗಿಲಿನ ಜಾಗದಿಂದಲೇ ಬರುತ್ತಾರೆ. ಗೋಡೆ ದಾಟಿ ಬರುವುದಿಲ್ಲ.

"ಮೇಡಂ, ನಮಗೆ ದೊಡ್ಡ ಆಸೆ ಏನಿಲ್ಲ," ಅಂದ ಬೇಕರಿಯಣ್ಣ. "ಒಂದಿನ ಒಟ್ಟಿಗೆ ಊಟ ಮಾಡಿ, ಪಾತ್ರೆ ತೊಳೆದು, ದೀಪ ಆರಿಸಬೇಕು. ಅಷ್ಟೇ."

"ಪಾತ್ರೆ ಇವರೇ ತೊಳೆಯೋರ ಹಾಗೆ ಹೇಳ್ತಾರೆ ನೋಡಿ!" ಅಂದಳು ಅವಳು.

ನನ್ನ ಚೀಲ ಕಂಡು ಅವಳಿಗೆ ವಿಷಯ ಗೊತ್ತಾಯಿತು. "ನೀವು ಹೊರಡಿ. ಗಂಡನಿಗೆ ನೋವಾದಾಗ ಹತ್ತಿರ ಇರಬೇಕು. ನಮಗೇನು, ಅಭ್ಯಾಸ ಆಗಿದೆ," ಎಂದು ನನ್ನ ಕೈಗೆ ಒಂದು ಬನ್ನು ಇಟ್ಟಳು.

ಮೂಲೆ ಎತ್ತಲು ಇರುವುದು ನಾನೊಬ್ಬಳೇ. ಒಂದು ದಿನದ ಮಟ್ಟಿಗೆ ಅಷ್ಟೆ. ನಾಲ್ಕೂ ಮೂಲೆ ಎತ್ತಿ ದಾರ ಕಟ್ಟಿಕೊಟ್ಟರೆ ಉಳಿದವರು ತುಂಬಿಕೊಳ್ಳುತ್ತಾರೆ. ನಾಳೆ ಸಂಜೆಯ ರೈಲು ಹಿಡಿಯಬಹುದು. ಅವನಿಗೆ ಮೆಸೇಜ್ ಹಾಕಿದ್ದೇನೆ.


ಫೆಬ್ರುವರಿ ೯, ಸೋಮವಾರ

ಕಿಟಕಿಯ ಚೌಕಟ್ಟು ಕೂತಿತು. ಪೂರ್ವದ ಗೋಡೆ ಹೆಗಲ ಮಟ್ಟ. ಪಶ್ಚಿಮದ ಮೂಲೆ ಅರ್ಧ ಇಟ್ಟಿಗೆ ಹೊರಗೆ ಬಂದಿತ್ತು, ಎರಡು ವರಸೆ ಬಿಚ್ಚಿ ಮತ್ತೆ ಕಟ್ಟಿದೆ. ಪೀಟಿ ಮೇಡಂ ಸ್ವತಃ ಗಾರೆ ಕಲಸುತ್ತಿದ್ದಾರೆ. ಅಕ್ಕ ಇಟ್ಟಿಗೆ ನೆನೆಸಿ ಕೊಡುತ್ತಾಳೆ. "ನನ್ನ ಅಂಗಡಿಗೆ ಬಂದು ರಬ್ಬರ್ ಕೇಳೋರು ನನ್ನನ್ನ ಈಗ ನೋಡ್ಬೇಕು," ಅನ್ನುತ್ತಾಳೆ.

ಬಲ ಅಂಗೈ ಒಡೆದಿದೆ. ಬಟ್ಟೆ ಸುತ್ತಿಕೊಂಡರೆ ಇಟ್ಟಿಗೆಯ ಹಿಡಿತ ಸಿಗುವುದಿಲ್ಲ.

ಅವನು ಸಂಜೆ ಫೋನ್ ಮಾಡಿದ. ಯಾವ ರೈಲು ಎಂದು ಕೇಳಲಿಲ್ಲ. ನಾನೇ, "ನಾಳೆ," ಎಂದೆ.

"ನೋಡು, ಒಂದು ಹೇಳ್ತೀನಿ. ನಾಳೆ ಅಂತ ಹೇಳ್ಬೇಡ."

"ಯಾಕೆ?"

"ನಿನ್ನೆ ಬೆಳಗ್ಗೆ ನಾನು ಸ್ಟೇಷನ್‌ಗೆ ಹೋಗಿದ್ದೆ. ನಿನ್ನ ಮೆಸೇಜ್ ನೋಡಿರಲಿಲ್ಲ. ಇವತ್ತೂ ಬರಲ್ಲ ಅಂತ ನೀನು ಹಾಕಿದ ಎರಡನೇ ಮೆಸೇಜ್ ನೋಡಿದ್ದೆ, ಆದ್ರೂ ಹೋದೆ. ಕೈ ಹೀಗೆ ಎತ್ತಿಕೊಂಡು ಪ್ಲಾಟ್‌ಫಾರ್ಮ್ ಮೇಲೆ ನಿಂತಿದ್ರೆ, ಪೋರ್ಟರ್ ಒಬ್ಬ ನಾನು ಯಾರಿಗೋ ಟಾಟಾ ಮಾಡ್ತಿದ್ದೀನಿ ಅಂದುಕೊಂಡ."

ನಾವಿಬ್ಬರೂ ನಕ್ಕೆವು. ಆಮೇಲೆ ಯಾರೂ ನಗಲಿಲ್ಲ.

"ಕಾಯೋದು ನನಗೆ ಕಷ್ಟ ಇಲ್ಲ. ದಿನಾ ಶೇವ್ ಮಾಡಿಕೊಳ್ಳೋದು ಕಷ್ಟ, ಎಡಗೈಯಲ್ಲಿ. ಹೊರಡೋ ದಿನ ಗೊತ್ತಾದಾಗ ಹೇಳು. ಅಲ್ಲೀತನಕ ಗೋಡೆ ಎಷ್ಟಾಯ್ತು ಅಷ್ಟನ್ನೇ ಹೇಳು."

ಪೂರ್ವ ಹೆಗಲ ಮಟ್ಟ, ಪಶ್ಚಿಮ ಒಂದು ಗೇಣು ಕಡಿಮೆ ಎಂದೆ. ಬಾಗಿಲಿನ ಮೇಲಿನ ಲಿಂಟಲ್‌ಗೆ ಏನು ಆಧಾರ ಕೊಟ್ಟಿದ್ದೀರಿ ಎಂದು ಕೇಳಿದ. ಹೇಳಿದೆ. ಎರಡು ಬೆರಳು ಹೇಗಿವೆ ಎಂದು ಕೇಳಿದೆ. ಒಂದಕ್ಕೆ ಬಿಸಿ ಚಹಾದ ಲೋಟ ಗೊತ್ತಾಯಿತಂತೆ, ಇನ್ನೊಂದಕ್ಕೆ ಇನ್ನೂ ಇಲ್ಲ. ಯಾವುದು ಎಂದೆ. ಉಂಗುರದ ಬೆರಳಿಗೆ ಗೊತ್ತಾಗಿಲ್ಲ ಎಂದ.

ತುಂಬ ಹೊತ್ತು ಮಾತಾಡಿದೆವು. ಅಕ್ಕ ಮುಸುಕು ಎಳೆದುಕೊಂಡಿದ್ದಳು, ಗೊರಕೆ ಹೊಡೆಯಲಿಲ್ಲ, ಏನೂ ಅನ್ನಲೂ ಇಲ್ಲ.

ಅವನ ಕೈಯನ್ನು ಒಂದು ಸಲ ನನ್ನ ಕೈಯಲ್ಲಿ ಇಟ್ಟುಕೊಂಡು, ಒಂದೊಂದೇ ಬೆರಳು ಒತ್ತಿ ಇದು ಗೊತ್ತಾಗುತ್ತಾ, ಇದು ಗೊತ್ತಾಗುತ್ತಾ ಎಂದು ಕೇಳಬೇಕು. ಬೇರೆ ಏನೂ ಬೇಡ ಅನ್ನಿಸುತ್ತದೆ.


ಫೆಬ್ರುವರಿ ೧೦, ಮಂಗಳವಾರ

ಲಿಂಟಲ್ ಏರಿಸಿದೆವು, ಆರು ಜನ ಹೆಗಲು ಕೊಟ್ಟು. ಬೇಕರಿಯಣ್ಣ ರಜೆ ಹಾಕಿ ಬಂದಿದ್ದ. ಮೈತುಂಬ ಹಿಟ್ಟಿನ ವಾಸನೆ. ಇನ್ನು ಐದು ವರಸೆ. ಬೆಳಕು ಹೋಯಿತು.


ಫೆಬ್ರುವರಿ ೧೧, ಬುಧವಾರ

ಬೆಳಕು ಹರಿಯುವ ಮೊದಲೇ ಶುರು ಮಾಡಿ ಹತ್ತು ಗಂಟೆಗೆ ಕೊನೆಯ ವರಸೆ ಮುಗಿಸಿದೆವು. ಮೇಸ್ತ್ರಿ ಕಂಬಳಿ ಹೊದ್ದೇ ಬಂದು ನಾಲ್ಕು ಮೂಲೆಗೂ ತೂಗುಗುಂಡು ಬಿಟ್ಟರು. ಮೂರಕ್ಕೆ ಏನೂ ಅನ್ನಲಿಲ್ಲ. ನಾಲ್ಕನೆಯದರ ಎದುರು ನಿಂತು, "ಇದು ಸ್ವಲ್ಪ ಕುಡಿದ ಹಾಗಿದೆ. ಬೀಳೋ ಅಷ್ಟು ಕುಡಿದಿಲ್ಲ," ಎಂದರು.

ಲಾರಿ ಮಧ್ಯಾಹ್ನ ಬಂತು. ನಿಂತಿತು! ಚಾವಣಿಯ ಹಾಳೆಗಳನ್ನು ಇಳಿಸುವ ಸದ್ದಿಗೆ ಬೀದಿಯವರೆಲ್ಲ ಹೊರಗೆ ಬಂದರು. ಇಸ್ತ್ರಿ ಅಂಗಡಿಯ ಕೆಲಸ ಬಿಟ್ಟು ಅವಳೂ ಓಡಿ ಬಂದಳು. ಒಳಗೆ ಹೋಗಿ ನಾಲ್ಕು ಗೋಡೆಯ ನಡುವೆ ನಿಂತು, ತಲೆಯೆತ್ತಿ ಆಕಾಶ ನೋಡಿದಳು. "ಇದು ಇನ್ನು ಇವತ್ತೊಂದಿನ ಮಾತ್ರ ಕಾಣೋದು, ಅಲ್ವಾ?" ಅಂದಳು. ಗಂಡನನ್ನು ಕೂಗಿದಳು. "ಬನ್ರೀ, ನೋಡಿಕೊಳ್ಳಿ, ಆಮೇಲೆ ಸಿಗಲ್ಲ." ಅವನು ಬಂದು ಪಕ್ಕದಲ್ಲಿ ನಿಂತ. ಇಬ್ಬರೂ ಮೇಲೆ ನೋಡುತ್ತಾ ನಿಂತಿದ್ದರು. ನಾನು ಹೊರಗೆ ಬಂದೆ.

ಯಾತ್ರೆಯ ನಂಬರಿದ್ದ ನನ್ನ ಸೈಕಲ್ ಚೀಟಿಯನ್ನು ಬಿಚ್ಚಿ ಪೀಟಿ ಮೇಡಂ ಕೈಗೆ ಕೊಟ್ಟೆ. ನಿಯಮ ನಿಯಮವೇ, ಐದನೆಯ ಊರು ನನ್ನ ಪಾಲಿಗಿಲ್ಲ. ಮೇಡಂ ಅದನ್ನು ಮಡಚಿ ಜೇಬಿಗೆ ಹಾಕಿದರು. "ಮುಂದಿನ ಸಲ ನಿನ್ನ ಗಂಡನ್ನ ಗೋಡೆಗೆ ಹಾಕ್ತೀನಿ, ನಿನ್ನನ್ನ ಪಾಯಕ್ಕೆ," ಎಂದರು. ಸೈಕಲ್ ಸಾಮಾನಿನ ವ್ಯಾನಿನಲ್ಲಿ ಬರುತ್ತದೆ. ಅಕ್ಕ ಸ್ಟೇಷನ್ನಿನ ತನಕ ಬಂದಳು. ನನ್ನ ಅಂಗೈ ತಿರುಗಿಸಿ ನೋಡಿ, "ಈ ಕೈ ಹಿಡಿದು ಆ ಡಾಕ್ಟ್ರು ಹೆದರಿಕೊಳ್ಳದಿದ್ರೆ ಸಾಕು," ಎಂದಳು. ತಬ್ಬಿಕೊಂಡರೆ ಅವಳಿಗೆ ಇಷ್ಟವಾಗುವುದಿಲ್ಲ ಎಂದು ಗೊತ್ತಿದ್ದೂ ತಬ್ಬಿಕೊಂಡೆ.

ಟಿಕೆಟ್ ತೆಗೆದುಕೊಂಡು, ಅದು ಕೈಯಲ್ಲಿದೆ ಎಂದು ಇನ್ನೊಮ್ಮೆ ನೋಡಿಕೊಂಡು, ರೈಲು ಪ್ಲಾಟ್‌ಫಾರ್ಮಿಗೆ ಬಂದು ನಿಂತ ಮೇಲೆ, ಒಳಗೆ ಹತ್ತಿ, ಚೀಲ ಮೇಲಿಟ್ಟು, ಕಿಟಕಿಯ ಪಕ್ಕ ಕೂತು, ರೈಲು ಅಲುಗಿದ ಮೇಲೆಯೇ ಅವನಿಗೆ ಫೋನ್ ಮಾಡಿದೆ.

"ಗೋಡೆ ಎಷ್ಟಾಯ್ತು?" ಅಂದ.

"ಶೇವ್ ಮಾಡಿಕೋ," ಎಂದೆ. "ಗುರುವಾರ. ಬೆಳಗಿನ ಆರೂಕಾಲರ ಪ್ಯಾಸೆಂಜರ್."